ಬಟ್ಟೆ ಡೈಪರ್, ಪ್ಯಾಕೆಟ್ ಡೈಪರ್: ಪುಣೆಯಲ್ಲಿ ನಮ್ಮ ಎರಡು ವರ್ಷದ ಲೆಕ್ಕ

ಬಟ್ಟೆ ಡೈಪರ್ ಅಗ್ಗ, ಒಂದು ಸಲ ಹಾಕಿ ಎಸೆಯುವ ಪ್ಯಾಕೆಟ್ ಡೈಪರ್ ದುಬಾರಿ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಅಗ್ಗ, ಯಾರಿಗೆ ಅಗ್ಗ ಅಂತ ಕೇಳಿದರೆ ಯಾರ ಹತ್ತಿರವೂ ಲೆಕ್ಕ ಇರುವುದಿಲ್ಲ. ನಾನು ಲೆಕ್ಕ ಇಟ್ಟಿದ್ದೇನೆ. ಬಾಣಂತನ ಮುಗಿಸಿ ಮೂರು ತಿಂಗಳ ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ಪುಣೆಗೆ ಬಂದಿದ್ದು 2023ರ ಮಾರ್ಚ್‌ನಲ್ಲಿ. ಅವಳು ಡೈಪರ್ ಬಿಟ್ಟಿದ್ದು 2025ರ ಮಾರ್ಚ್ ಹೊತ್ತಿಗೆ. ಈ ಎರಡು ವರ್ಷವೂ ಅಂಗಡಿ ಬಿಲ್ಲು, ಕರೆಂಟು, ಸೋಪಿನ ಪುಡಿ ಎಲ್ಲವನ್ನೂ ಫೋನಿನಲ್ಲಿ ಬರೆದಿಡುತ್ತಾ ಬಂದೆ. ಮನೆಗೆ ಪಾಪು ಬರುವ ಖುಷಿಯಲ್ಲಿ ಏನೇನು ಕೊಳ್ಳಬೇಕು ಅಂತ ಯೋಚಿಸುತ್ತಾ ಕೂತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ತವರಲ್ಲಿ ಇದ್ದಾಗ ಖರ್ಚೇ ಇರಲಿಲ್ಲ. ಅಪ್ಪನ ಹಳೇ ಧೋತರ, ಅಮ್ಮನ ಮೆತ್ತಗಾದ ನೂಲಿನ ಸೀರೆ, ಅದನ್ನೇ ಚೌಕವಾಗಿ ಹರಿದು ಮಡಚಿ ಕಟ್ಟುತ್ತಿದ್ದರು. ಹುಟ್ಟಿದ ಮಗು ಗಂಟೆ, ಎರಡು ಗಂಟೆಗೊಮ್ಮೆ ಒದ್ದೆ ಮಾಡುತ್ತದೆ. ಬಕೆಟ್ ಗಟ್ಟಲೆ ಬಟ್ಟೆ. ಅಮ್ಮ ನೆನೆಸುವುದು, ಒಗೆಯಲು ಬರುವವರು ಒಗೆಯುವುದು, ಚಿಕ್ಕಮ್ಮ ಮಾಳಿಗೆ ಮೇಲೆ ಒಣಹಾಕುವುದು. ರೊಕ್ಕ ಸೊನ್ನೆ, ಆದರೆ ಮೂರು ಜನ ಹೆಂಗಸರ ಅರ್ಧ ದಿನ. ಈ ಮಾತನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಬರುವ ಲೆಕ್ಕದಲ್ಲೂ ಇದೇ ದೊಡ್ಡ ವಿಷಯ. ಪುಣೆಯಲ್ಲಿ ನಾವಿರುವುದು ಧಾಯರಿ ಕಡೆ, ಎರಡು ಕೋಣೆಯ ಫ್ಲಾಟು, ಒಂದು ಬಾಲ್ಕನಿ. ನಾನು ಮನೆಯಿಂದ ಕೆಲಸ ಮಾಡುತ್ತೇನೆ, ಯಜಮಾನರು ಆಫೀಸಿಗೆ ಹೋಗುತ್ತಾರೆ. ಮೂರು ಜನ ಹೆಂಗಸರನ್ನು ಎಲ್ಲಿಂದ ತರೋಣ?

ಮೊದಲು ಪ್ಯಾಕೆಟ್ ಡೈಪರ್ ಲೆಕ್ಕ ಹಾಕಿದೆ. ಒಂದಕ್ಕೆ 10 ರೂಪಾಯಿ, ದಿನಕ್ಕೆ ಇಷ್ಟು, ತಿಂಗಳಿಗೆ ಇಷ್ಟು ಅಂತ ಎಲ್ಲರೂ ಗುಣಿಸುತ್ತಾರೆ. ಮಗು ದೊಡ್ಡದಾದ ಹಾಗೆ ಡೈಪರ್ ಕಡಿಮೆ ಬೇಕಾಗುತ್ತದೆ, ಖರ್ಚೂ ಇಳಿಯುತ್ತದೆ ಅನ್ನೋದು ಜನರ ಅಂದಾಜು. ನನ್ನ ಲೆಕ್ಕದಲ್ಲಿ ಹಾಗಾಗಲಿಲ್ಲ. ಎಂಟು ತಿಂಗಳವರೆಗೆ ದಿನಕ್ಕೆ ಏಳು ಬೇಕು, ಆಫರ್‌ನಲ್ಲಿ ದೊಡ್ಡ ಪ್ಯಾಕ್ ಕೊಂಡರೆ ಒಂದಕ್ಕೆ 10 ರೂಪಾಯಿ, ತಿಂಗಳಿಗೆ 2,100. ಆಮೇಲೆ ಒಂದೂಕಾಲು ವರ್ಷದವರೆಗೆ ದಿನಕ್ಕೆ ಆರು, ಆದರೆ ಸೈಜ್ ಎಂ ದಾಟಿ ಎಲ್‌ಗೆ ಹೋಗಿ ಒಂದಕ್ಕೆ 12 ಆಗಿರುತ್ತದೆ, ತಿಂಗಳಿಗೆ 2,160. ಅದಾದ ಮೇಲೆ ದಿನಕ್ಕೆ ಐದೇ ಸಾಕು, ಆಗ ಎಲ್, ಎಕ್ಸ್‌ಎಲ್ ಸೇರಿ ಒಂದಕ್ಕೆ 15 ರೂಪಾಯಿ, ತಿಂಗಳಿಗೆ 2,250. ಹೆಚ್ಚು ಕಡಿಮೆ ಅದೇ ಬೆಲೆಯ ಪ್ಯಾಕು, ಒಳಗಿನ ಪೀಸು ಮಾತ್ರ ಕಡಿಮೆ. ಸಂಖ್ಯೆ ಇಳಿದಿದ್ದನ್ನು ಸೈಜ್ ನುಂಗಿಬಿಡುತ್ತದೆ. ಎರಡು ವರ್ಷಕ್ಕೆ ಒಟ್ಟು 52,600 ರೂಪಾಯಿ.

ಇಲ್ಲಿ ಒಂದು ಸಣ್ಣ ಉಪಾಯ ಇದೆ. ಪ್ಯಾಕಿನ ಮೇಲೆ ತೂಕ ಬರೆದಿರುತ್ತದೆ, ಎಂ ಅಂದರೆ 7 ರಿಂದ 12 ಕೆಜಿ, ಎಲ್ ಅಂದರೆ 9 ರಿಂದ 14 ಕೆಜಿ. 9 ರಿಂದ 12 ಕೆಜಿಯ ನಡುವೆ ಎರಡೂ ನಡೆಯುತ್ತವೆ. ತೊಡೆ ಹತ್ತಿರ ಕೆಂಪು ಗೆರೆ ಬೀಳುವವರೆಗೆ, ಅಥವಾ ಬೆನ್ನ ಕಡೆಯಿಂದ ಸೋರಲು ಶುರುವಾಗುವವರೆಗೆ ಚಿಕ್ಕ ಸೈಜಲ್ಲೇ ಇರಿ. ಮಕ್ಕಳು ಆ ಮೂರು ಕೆಜಿ ಏರುವುದಕ್ಕೆ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾರೆ. ಅಷ್ಟು ತಿಂಗಳು ಪೀಸಿಗೆ ಒಂದೂವರೆ ಎರಡು ರೂಪಾಯಿ ಉಳಿಯುತ್ತದೆ.

ದಿನಕ್ಕೆ ಐದಾರು ಯಾಕೆ, ನಮ್ಮ ಮನೆಯಲ್ಲಿ ಮೂರರಲ್ಲೇ ಮುಗಿಯುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಜ, ಪ್ಯಾಕಿನ ಮೇಲೆ 12 ಗಂಟೆ ಅಂತ ಬರೆದಿರುತ್ತದೆ. ಒಳಗಿರುವ ಪುಡಿ, ಸೋಡಿಯಂ ಪಾಲಿಅಕ್ರಿಲೇಟ್ ಅಂತ ಅದರ ಹೆಸರು, ತನ್ನ ತೂಕಕ್ಕಿಂತ ಎಷ್ಟೋ ಪಟ್ಟು ನೀರು ಕುಡಿದು ಜೆಲ್ಲಿ ಆಗಿಬಿಡುತ್ತದೆ, ಮೇಲೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ನಾನು ಒಂದು ರಾತ್ರಿಯ ಡೈಪರನ್ನು ಅಡುಗೆಮನೆಯ ತಕ್ಕಡಿಯ ಮೇಲೆ ಪ್ಲಾಸ್ಟಿಕ್ ಹಾಸಿ ತೂಗಿ ನೋಡಿದೆ. ಹೊಸದು 30 ಗ್ರಾಂ ಚಿಲ್ಲರೆ ಇದ್ದದ್ದು ಬೆಳಿಗ್ಗೆ 300 ಗ್ರಾಂ ದಾಟಿತ್ತು. ಅಷ್ಟು ಭಾರವನ್ನು ಸೊಂಟಕ್ಕೆ ಕಟ್ಟಿಕೊಂಡು ತೆವಳುವ ಮಗುವನ್ನು ನೋಡಿದ ಮೇಲೆ ಹಗಲಲ್ಲಿ ಮೂರು ನಾಲ್ಕು ಗಂಟೆಗೆ ಬದಲಾಯಿಸಲೇಬೇಕು ಅಂತ ತೀರ್ಮಾನಿಸಿದೆ. ಕಕ್ಕ ಆದರಂತೂ ತಕ್ಷಣ. ಕಡಿಮೆ ಬದಲಾಯಿಸಿ ಉಳಿಸುವ ದುಡ್ಡು ರ‍್ಯಾಶ್ ಕ್ರೀಮಿಗೆ, ಡಾಕ್ಟರ್ ಫೀಸಿಗೆ ಹೋಗುತ್ತದೆ. ಅದಕ್ಕಿಂತ ಮಗು ಅಳುತ್ತದೆ, ಅದು ಮುಖ್ಯ.

ಈಗ ಬಟ್ಟೆಯದು. ಬಟ್ಟೆ ಡೈಪರ್ ಅಂದರೆ ಒಂದೇ ಥರ ಇಲ್ಲ. ತುಳಶಿಬಾಗ್ ಮಾರ್ಕೆಟ್ಟಿನಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ ಹತ್ತಿಯ ಲಂಗೋಟಿ ಇದೆ, ಒಂದಕ್ಕೆ 40 ರೂಪಾಯಿ ಬಿತ್ತು. ಒಂದು ಸಲ ಉಚ್ಚೆ ಹೊಯ್ದರೆ ಮುಗಿಯಿತು, ಹಾಸಿಗೆಯೂ ಒದ್ದೆ. ಇನ್ನೊಂದು ಪಾಕೆಟ್ ಡೈಪರ್, ಅಂದರೆ ಜೇಬಿರುವ ಬಟ್ಟೆ ಡೈಪರ್. ಹೊರಗಡೆ ನೀರು ಸೋರದ ಪಿಯುಎಲ್ ಬಟ್ಟೆಯ ಕವರು, ಒಳಗೆ ಒಂದು ಚೀಲ, ಅದರೊಳಗೆ ತುರುಕುವ ಪ್ಯಾಡು, ಇದಕ್ಕೆ ಇನ್ಸರ್ಟ್ ಅಂತಾರೆ. ಗುಂಡಿ ಹಾಕಿ ಚಿಕ್ಕದು ದೊಡ್ಡದು ಮಾಡಬಹುದಾದ್ದರಿಂದ 5 ಕೆಜಿಯಿಂದ ಡೈಪರ್ ಬಿಡುವವರೆಗೆ ಅದೇ ಕವರು ನಡೆಯುತ್ತದೆ. ಒಳ್ಳೆ ಬ್ರ್ಯಾಂಡಿನದು ಆಗ ಒಂದಕ್ಕೆ 550 ಇತ್ತು, ಆರು ಕೊಂಡೆ. ಅಗ್ಗದವು ಒಂದಕ್ಕೆ 280ರಂತೆ ನಾಲ್ಕು. ಇದಕ್ಕಿಂತ ದುಬಾರಿಯವೂ ಇವೆ, ಒಂದಕ್ಕೆ ಸಾವಿರದ ಹತ್ತಿರ ಹೋಗುತ್ತವೆ.

ಕವರಿಗಿಂತ ಒಳಗಿನ ಇನ್ಸರ್ಟ್ ನೋಡಿ ಕೊಳ್ಳಿ. ಅಗ್ಗದವುಗಳ ಜೊತೆ ಬರುವುದು ಮೈಕ್ರೋಫೈಬರ್. ಬೇಗ ಹೀರುತ್ತದೆ, ಬೇಗ ಒಣಗುತ್ತದೆ, ಆದರೆ ಒತ್ತಿದರೆ ಹೀರಿದ್ದೆಲ್ಲ ಹೊರಗೆ. ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡರೆ ಸಾಕು, ಸೀರೆಗೋ ಕುರ್ತಾಗೋ ಇಳಿಯುತ್ತದೆ. ಚರ್ಮಕ್ಕೆ ನೇರ ತಾಗಿಸಲೂ ಬಾರದು, ಚರ್ಮದ ತೇವವನ್ನೂ ಎಳೆದುಬಿಡುತ್ತದೆ. ಹತ್ತಿ, ಬಿದಿರು ಮಿಶ್ರಣದ ಇನ್ಸರ್ಟ್ ನಿಧಾನಕ್ಕೆ ಹೀರುತ್ತದೆ, ಆದರೆ ಹಿಡಿದುಕೊಳ್ಳುತ್ತದೆ. ಹೊಸದರಲ್ಲಿ ಅದೂ ಸೋರುತ್ತದೆ. ನೂಲಿನಲ್ಲಿ ಎಣ್ಣೆಯ ಅಂಶ ಇರುತ್ತದೆ, ನಾಲ್ಕೈದು ಸಲ ಒಗೆದು ಒಣಗಿಸಿದ ಮೇಲೆ ಪೂರ್ತಿ ಹೀರಲು ಶುರುಮಾಡುತ್ತದೆ. ಎಷ್ಟೋ ಜನ ಮೊದಲ ದಿನ ಹಾಕಿ ನೋಡಿ, ಸೋರಿತು ಅಂತ ಬೀರುವಿನಲ್ಲಿ ಎಸೆದಿರುತ್ತಾರೆ. ನಮ್ಮ ಗೆಳತಿಯೊಬ್ಬಳು ಹಾಗೆ ಎಸೆದಿದ್ದ ಆರು ಡೈಪರನ್ನೇ ನಾನು ಒಂದಕ್ಕೆ 250ರಂತೆ ತೆಗೆದುಕೊಂಡೆ. ಹೊಸದರ ಹಾಗೇ ಇದ್ದವು.

ಅವುಗಳನ್ನು ತೆಗೆದುಕೊಳ್ಳಬೇಕಾಗಿ ಬಂದಿದ್ದು ಮಳೆಯಿಂದ. ಪುಣೆಯಲ್ಲಿ ಏಪ್ರಿಲ್ ಬಿಸಿಲಿಗೆ ದಪ್ಪ ಇನ್ಸರ್ಟ್ ಕೂಡ ಮೂರು ನಾಲ್ಕು ಗಂಟೆಯಲ್ಲಿ ಗರಿಗರಿ ಒಣಗುತ್ತದೆ. ಹತ್ತು ಡೈಪರ್ ಇದ್ದರೆ ಎರಡು ದಿನಕ್ಕೊಮ್ಮೆ ಒಗೆದು, ನಡುವೆ ಲಂಗೋಟಿ ಹಾಕಿ ಆರಾಮಾಗಿ ನಡೆಸಬಹುದು. ಜುಲೈ ಬಂತು ಅನ್ನಿ. ಇಲ್ಲಿಯ ಮಳೆ ಮುಂಬಯಿಯ ಹಾಗೆ ಸುರಿದು ನಿಲ್ಲುವುದಿಲ್ಲ, ಸಣ್ಣಗೆ ದಿನವಿಡೀ ಜಿನುಗುತ್ತಾ ಇರುತ್ತದೆ, ಬಾಲ್ಕನಿಯಲ್ಲಿ ಹಾಕಿದ್ದು ಸಂಜೆಗೆ ಬೆಳಿಗ್ಗೆಗಿಂತ ತಣ್ಣಗಿರುತ್ತದೆ, ಒಳಗೆ ಫ್ಯಾನ್ ಕೆಳಗೆ ಹಗ್ಗ ಕಟ್ಟಿ ಹಾಕಿದರೂ ಅದೇ ಇನ್ಸರ್ಟ್‌ಗೆ ಒಂದೂವರೆ ದಿನ, ಕೆಲವು ಸಲ ಎರಡು ದಿನ ಬೇಕು. ಅರ್ಧ ಒಣಗಿದ್ದನ್ನು ಹಾಕಿದರೆ ಮುಗ್ಗಲು ವಾಸನೆ, ಮಗುವಿಗೆ ಕೆಂಪಗೆ ಗುಳ್ಳೆ. ಆಗ ಹತ್ತು ಸಾಲುವುದಿಲ್ಲ. ಕವರಿಗಿಂತ ಜಾಸ್ತಿ ಇನ್ಸರ್ಟೇ ಬೇಕು, ಯಾಕೆಂದರೆ ಕವರು ಒಂದು ರಾತ್ರಿಯಲ್ಲಿ ಒಣಗುತ್ತದೆ. ಒಂದಕ್ಕೆ 120 ರೂಪಾಯಿಯಂತೆ ಹತ್ತು ಇನ್ಸರ್ಟ್ ಬೇರೆ ತಂದೆ. ಹಾಗಾಗಿ ಎಷ್ಟು ಕೊಳ್ಳಬೇಕು ಅನ್ನೋ ಪ್ರಶ್ನೆಗೆ ಉತ್ತರ ಮಗುವಿನ ವಯಸ್ಸಿಗಿಂತ ಜುಲೈ ತಿಂಗಳ ಕೈಯಲ್ಲಿದೆ. ಪುಣೆಯಲ್ಲಿ 16 ಕವರು, 25 ರಷ್ಟು ಇನ್ಸರ್ಟು. ಹುಬ್ಬಳ್ಳಿಯಲ್ಲಿ ಮಾಳಿಗೆ ಇರುವ ಮನೆಯಾದರೆ ಇದಕ್ಕಿಂತ ಕಡಿಮೆ ಸಾಕು. ಕೊಂಕಣದ ಕಡೆ ಇನ್ನೂ ಜಾಸ್ತಿ ಬೇಕಾಗಬಹುದು.

ಆ ಜುಲೈನಲ್ಲಿ ಯಜಮಾನರು ಡ್ರೈಯರ್ ಇರುವ ಮಷಿನ್ ಕೊಳ್ಳೋಣವೇ ಅಂತ ಕೇಳಿದರು. ಬೇಡ ಅಂದೆ. ಕರೆಂಟಿನ ಲೆಕ್ಕ ಒಂದು, ಪಿಯುಎಲ್ ಬಟ್ಟೆಗೆ ಬಿಸಿ ಆಗದು ಅನ್ನೋದು ಇನ್ನೊಂದು, ಒಳಗಿನ ಪದರ ಬಿಟ್ಟುಕೊಂಡು ಸೋರಲು ಶುರುವಾಗುತ್ತದೆ. ಬ್ರಿಟನ್ನಿನ ಪರಿಸರ ಏಜೆನ್ಸಿ 2008ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಅವರ ಪ್ರಕಾರ ಒಂದು ಮಗುವಿನ ಎರಡೂವರೆ ವರ್ಷದ ಪ್ಯಾಕೆಟ್ ಡೈಪರಿಂದ ಸುಮಾರು 550 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮನಾದ ಹೊಗೆ, ಬಟ್ಟೆಯದರಿಂದ ಸುಮಾರು 570 ಕೆಜಿ. ಅಂದರೆ ಬಟ್ಟೆಯದೇ ಸ್ವಲ್ಪ ಜಾಸ್ತಿ! ಆದರೆ ಹೊರಗೆ ಹಗ್ಗದ ಮೇಲೆ ಒಣಗಿಸಿ, ಮಷಿನ್ ತುಂಬಿಸಿಯೇ ಒಗೆದು, ಎರಡನೇ ಮಗುವಿಗೂ ಅದನ್ನೇ ಹಾಕಿದರೆ ಬಟ್ಟೆಯ ಲೆಕ್ಕದಿಂದ ಸುಮಾರು 200 ಕೆಜಿ ಇಳಿಯುತ್ತದೆ. ನಮ್ಮ ಹೆಂಗಸರು ಯಾವತ್ತಿನಿಂದಲೂ ಮಾಡುತ್ತಾ ಬಂದಿರುವುದು ಇದನ್ನೇ. ಡ್ರೈಯರ್ ತಂದರೆ ದುಡ್ಡಿನ ಲಾಭವೂ ಹೋಗುತ್ತದೆ, ಇದೂ ಹೋಗುತ್ತದೆ.

ಒಗೆಯುವ ಖರ್ಚಿಗೆ ಬರೋಣ. ತಿಂಗಳಿಗೆ ಹದಿನೈದು ಲೋಡು ಹೆಚ್ಚಾಯಿತು. 40 ಡಿಗ್ರಿ ಬಿಸಿ ನೀರಿಗೆ ಇಟ್ಟರೆ ನಮ್ಮ ಮಷಿನ್ ಒಂದು ಲೋಡಿಗೆ ಮುಕ್ಕಾಲು ಯೂನಿಟ್ ಹತ್ತಿರ ತಿನ್ನುತ್ತದೆ. ಇಲ್ಲಿಯ ಕರೆಂಟು ಕಂಪನಿ ಮಹಾವಿತರಣದ ಬಿಲ್ಲಿನಲ್ಲಿ ನೂರು ಯೂನಿಟ್ ದಾಟಿದ ಮೇಲೆ ದರ ಜಿಗಿಯುತ್ತದೆ, ಅದಕ್ಕೆ ಎಲ್ಲಾ ಚಾರ್ಜ್ ಸೇರಿಸಿ ಯೂನಿಟ್ಟಿಗೆ 12 ರೂಪಾಯಿ ಹಿಡಿದೆ. ಸುಮಾರು 130 ರೂಪಾಯಿ. ಸೋಪಿನ ಪುಡಿ 90. ನೀರಿಗೆ ನೂರು. ನೀರಿಗೆ ಯಾಕೆ ದುಡ್ಡು ಹಿಡಿದೆ ಅಂದರೆ ನಮ್ಮ ಕಡೆ ಬೇಸಿಗೆಯಲ್ಲಿ ಸೊಸೈಟಿಗೆ ಟ್ಯಾಂಕರ್ ತರಿಸುತ್ತಾರೆ, ಅದು ಎಲ್ಲರ ಮೇಂಟೆನೆನ್ಸ್‌ನಲ್ಲೂ ಸೇರುತ್ತದೆ. ನಾನು ಜಾಸ್ತಿ ಬಳಸಿದ್ದಕ್ಕೆ ಪಕ್ಕದ ಮನೆಯವರೂ ಕೊಡುತ್ತಾರೆ. ಖಡಕವಾಸಲಾ ಅಣೆಕಟ್ಟು ಇಷ್ಟು ಹತ್ತಿರ ಇದ್ದರೂ ಪರಿಸ್ಥಿತಿ ಹೀಗೆ. ಇದರ ಮೇಲೆ ರಿಪೇರಿ ಅಂತ ಮಹಾನಗರಪಾಲಿಕೆ ಆಗಾಗ ಗುರುವಾರ ನೀರು ಬಂದ್ ಮಾಡುತ್ತದೆ, ಶುಕ್ರವಾರವೂ ಸಣ್ಣಗೆ ಬರುತ್ತದೆ. ಬುಧವಾರ ರಾತ್ರಿಯೇ ಒಗೆದು ಮುಗಿಸುವುದು ನಮಗೆ ರೂಢಿಯಾಯಿತು. ಒಟ್ಟು ತಿಂಗಳಿಗೆ 320, 325 ಅಂತ ಇಟ್ಟುಕೊಳ್ಳಿ.

ಬೋರ್‌ವೆಲ್, ಟ್ಯಾಂಕರ್ ನೀರು ಗಡಸು. ಅದರಲ್ಲಿ ಒಗೆದರೆ ಸೋಪು ಪೂರ್ತಿ ಹೋಗದೆ ಇನ್ಸರ್ಟ್ ಬಿರುಸಾಗುತ್ತದೆ, ಕೆಲವು ತಿಂಗಳಿಗೆ ಉಚ್ಚೆಯ ಘಾಟು ಹಿಡಿದುಕೊಳ್ಳುತ್ತದೆ, ಬೆಳಿಗ್ಗೆ ಡೈಪರ್ ಬಿಚ್ಚಿದರೆ ಕಣ್ಣು ಉರಿಯುವಷ್ಟು. ಸೋಪು ಕಡಿಮೆ ಹಾಕಿ ಅಂತ ಕೆಲವರು ಹೇಳುತ್ತಾರೆ, ಅದರಿಂದ ಇನ್ನೂ ಕೆಡುತ್ತದೆ. ಸೋಪು ಸರಿಯಾಗಿ ಹಾಕಿ, ತೊಳೆಯುವ ನೀರು ಒಂದು ಸಲ ಜಾಸ್ತಿ ಮಾಡಿದರೆ ಸರಿಹೋಗುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಲಿಕ್ವಿಡ್ ಮಾತ್ರ ಮುಟ್ಟಿಸಬೇಡಿ, ನೂಲಿನ ಮೇಲೆ ಪದರ ಕಟ್ಟಿ ಹೀರುವುದೇ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ, ರ‍್ಯಾಶ್ ಕ್ರೀಮು ಹಚ್ಚಿದಾಗಲೂ ನಡುವೆ ತೆಳ್ಳಗೆ ಒಂದು ಬಟ್ಟೆ ಹಾಕಿ. ಹಳದಿ ಕಲೆಗೆ ಏನೂ ಬೇಡ, ಒದ್ದೆ ಇರುವಾಗಲೇ ಬಿಸಿಲಿಗೆ ಹಾಕಿದರೆ ಕಣ್ಣೆದುರೇ ತಿಳಿಯಾಗುತ್ತದೆ.

ರಾತ್ರಿಗೆ ನಾವು ಪ್ಯಾಕೆಟ್ ಡೈಪರನ್ನೇ ಹಾಕಿದೆವು. ಬಟ್ಟೆಯಲ್ಲಿ ಎರಡು ಇನ್ಸರ್ಟ್ ತುರುಕಿದರೂ ಬೆಳಗಿನ ಜಾವ ನಾಲ್ಕಕ್ಕೆ ಒದ್ದೆ, ಅವಳೂ ಏಳುತ್ತಾಳೆ, ನಾನೂ ಏಳುತ್ತೇನೆ. ನಿದ್ದೆಗೂ ಬೆಲೆ ಇದೆ ಅಲ್ವಾ? ಊರಿಗೆ ಹೋಗುವಾಗ ರೈಲಿನಲ್ಲಿ, ಲಸಿಕೆ ದಿನ, ಜ್ವರ ಬಂದಾಗ, ಇದೆಲ್ಲ ಸೇರಿ ತಿಂಗಳಿಗೆ 600 ರೂಪಾಯಿ ಹಿಡಿಯಿತು.

ಈಗ ಕೂಡಿಸಿ. ಡೈಪರ್, ಇನ್ಸರ್ಟ್, ಎರಡು ಡಜನ್ ಲಂಗೋಟಿ, ಒದ್ದೆ ಡೈಪರ್ ಹಾಕಿಡುವ ಚೀಲ, ಒಳಹಾಸು ಎಲ್ಲಾ ಸೇರಿ ಸುಮಾರು 8,700. ಒಗೆಯಲು ಎರಡು ವರ್ಷಕ್ಕೆ 7,800. ರಾತ್ರಿ ಮತ್ತು ಓಡಾಟಕ್ಕೆ 14,400. ಒಟ್ಟು 30,900 ಆಯಿತು. ಬರೀ ಪ್ಯಾಕೆಟ್ ಆಗಿದ್ದರೆ 52,600. ಉಳಿದಿದ್ದು 21,700 ರೂಪಾಯಿ.

2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡೈಪರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ನಾವು ಕೊಳ್ಳುವುದು ಮುಗಿದ ಮೇಲೆ ಬಂತು. ಈಗ ಕೊಳ್ಳುವವರಿಗೆ ಅಂಗಡಿಯವರು ಪೂರ್ತಿ ಇಳಿಸಿಕೊಟ್ಟರೆ ನೂರಕ್ಕೆ ಆರು ರೂಪಾಯಿ ಕಡಿಮೆ. ಬರೀ ಪ್ಯಾಕೆಟ್ ಬಳಸುವವರಿಗೆ ಎರಡು ವರ್ಷಕ್ಕೆ 3,300 ಉಳಿಯುತ್ತದೆ, ನಮ್ಮಂಥವರಿಗೆ 900. ಅಂತರ ಸುಮಾರು 19,300ಕ್ಕೆ ಬರುತ್ತದೆ, ಅಷ್ಟೇ.

ಆದರೆ ಈ 21,700 ಎಲ್ಲಿಂದ ಬಂತು? ದಿನಾ ಅರ್ಧ ಗಂಟೆಯ ಕೆಲಸದಿಂದ. ಕಕ್ಕವನ್ನು ಜೆಟ್ ಸ್ಪ್ರೇಯಿಂದ ಕಮೋಡಿಗೆ ತೊಳೆಯುವುದು, ಇನ್ಸರ್ಟ್ ಹೊರಗೆ ಎಳೆಯುವುದು, ತಣ್ಣೀರಲ್ಲಿ ಜಾಲಿಸುವುದು, ಒಣಹಾಕುವುದು, ಮಡಚುವುದು, ಮತ್ತೆ ತುರುಕುವುದು. ಮನೆಕೆಲಸಕ್ಕೆ ಬರುವ ಮಾವಶಿಯನ್ನು ಕೇಳಿದ್ದೆ. ತಿಂಗಳಿಗೆ 800 ಜಾಸ್ತಿ ಕೊಟ್ಟರೆ ಮಾಡುತ್ತೇನೆ ಅಂದರು. ಅವರು ಕೇಳಿದ್ದು ನ್ಯಾಯವೇ, ಇನ್ನೊಬ್ಬರ ಮಗುವಿನ ಹೇಲು ತೊಳೆಯಲು ದಿನಕ್ಕೆ 27 ರೂಪಾಯಿ ಅಂದರೆ ಕಡಿಮೆಯೇ. ಎರಡು ವರ್ಷಕ್ಕೆ 19,200. ಉಳಿತಾಯ ಹೆಚ್ಚು ಕಡಿಮೆ ಎಲ್ಲಾ ಅಲ್ಲಿಗೆ ಸರಿಹೋಗುತ್ತಿತ್ತು. ಅಂದರೆ ಬಟ್ಟೆ ಡೈಪರಿನ ಅಗ್ಗ ಅನ್ನೋದು ಮನೆಯ ಒಬ್ಬರು ಕೂಲಿ ಇಲ್ಲದೆ ಮಾಡುವ ಕೆಲಸದ ಬೆಲೆ. ಇದನ್ನು ಅತ್ತೆ, ತಾಯಿ, ಪಕ್ಕದ ಮನೆಯವರು, ಯಾರು ಬಟ್ಟೆ ಹಾಕು ಅಂತ ಉಪದೇಶ ಮಾಡಿದರೂ ನಾನು ನೇರವಾಗಿ ಕೇಳುತ್ತೇನೆ, ತೊಳೆಯುವವರು ಯಾರು?

ನಮ್ಮಲ್ಲಿ ಇಬ್ಬರೂ ತೊಳೆದೆವು. ರಾತ್ರಿ ಊಟ ಆದ ಮೇಲೆ ಜಾಲಿಸಿ ಮಷಿನಿಗೆ ಹಾಕುವುದು ಯಜಮಾನರ ಕೆಲಸ, ಬೆಳಿಗ್ಗೆ ಒಣಹಾಕುವುದು ನನ್ನದು. ಹಾಗಾಗಿಯೇ ಎರಡು ವರ್ಷ ನಡೆಯಿತು. ಒಬ್ಬಳೇ ಆಗಿದ್ದರೆ, ಆಫೀಸಿನ ಕಾಲ್ ಮುಗಿಸಿ ಬಕೆಟ್ ಮುಂದೆ ಕೂರಬೇಕಾಗಿದ್ದರೆ, ಪ್ಯಾಕೆಟ್ ತರಿಸಿಬಿಡುತ್ತಿದ್ದೆ, ಅದರಲ್ಲಿ ತಪ್ಪೇನೂ ಇಲ್ಲ. ಮಗುವನ್ನು ಹಗಲು ನೋಡಿಕೊಳ್ಳುವ ಪಾಳಣಾಘರ್‌ಗೆ ಬಿಡುವವರಿಗೂ ಲೆಕ್ಕ ಬದಲಾಗುತ್ತದೆ. ನಾನು ವಿಚಾರಿಸಿದ ಕಡೆಯೆಲ್ಲ ಪ್ಯಾಕೆಟ್ ಡೈಪರ್ ಕಳಿಸಿ ಅಂದರು. ಹಗಲಿಡೀ ಅಲ್ಲೇ ಇರುವ ಮಗುವಿಗೆ 8,700 ಹಾಕಿ ಬಟ್ಟೆ ಕೊಂಡರೆ ಅದು ವಾಪಸ್ ಬರುವುದಿಲ್ಲ. ಅಂಥವರು ಭಾನುವಾರಕ್ಕೆ ನಾಲ್ಕು ಇಟ್ಟುಕೊಂಡರೆ ಸಾಕು.

ಇನ್ನೊಂದು ಖರ್ಚು ನಮ್ಮ ಬಿಲ್ಲಿನಲ್ಲಿ ಬರುವುದೇ ಇಲ್ಲ. ಪುಣೆಯಲ್ಲಿ ಮನೆಮನೆಯ ಕಸ ಒಯ್ಯುವುದು ಸ್ವಚ್ಛ್ ಅನ್ನೋ ಕಸ ಆಯುವವರದೇ ಸಹಕಾರ ಸಂಸ್ಥೆ. ಹೆಚ್ಚಿನವರು ಹೆಂಗಸರು. ಡೈಪರ್ ಸುತ್ತದೆ ಹಾಗೇ ಡಬ್ಬಿಗೆ ಹಾಕಿದರೆ ಅದನ್ನು ಒಣ ಕಸದಿಂದ ಕೈಯಲ್ಲಿ ಬೇರೆ ಮಾಡಬೇಕಾದವರು ಅವರೇ. 2016ರ ಘನತ್ಯಾಜ್ಯ ನಿಯಮದಲ್ಲಿ ಡೈಪರ್ ಕಂಪನಿಗಳು ಪ್ಯಾಕಿನ ಜೊತೆಗೇ ಸುತ್ತಿ ಎಸೆಯಲು ಚೀಲ ಕೊಡಬೇಕು ಅಂತಿತ್ತು. ನಾನು ಕೊಂಡ ಎಷ್ಟೋ ಪ್ಯಾಕಿನಲ್ಲಿ ಚೀಲ ಇರಲಿಲ್ಲ. ಹಳೇ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಇಟ್ಟು ಕೊಡಿ ಅಂತ ಈ ಊರಿನಲ್ಲಿ ಪ್ರಚಾರ ಮಾಡಿದ್ದರು. ನಾವು ಹಾಗೇ ಕೊಟ್ಟೆವು. ಸ್ಕೆಚ್ ಪೆನ್ನು ಬಾತ್‌ರೂಮಿನ ಬಾಗಿಲ ಹತ್ತಿರವೇ ಇರುತ್ತಿತ್ತು. ದಿನಕ್ಕೆ ಆರು ಹೋಗುವ ಕಡೆ ಒಂದು ಹೋಗುತ್ತಿತ್ತು. ಕಸ ಒಯ್ಯಲು ಬರುವ ತಾಯಿಗೆ ಬರೀ ನಮ್ಮ ಮನೆಯಿಂದ ದಿನಕ್ಕೆ ಒಂದು ಕೆಜಿ ಭಾರ ಕಡಿಮೆ.

ನಮ್ಮ ಪಕ್ಕದಲ್ಲಿ ಬಿಲ್ಡಿಂಗ್ ಕಟ್ಟುತ್ತಿದ್ದರು. ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಕೂಲಿಯವರು, ನಮ್ಮ ಮಾತಿನವರು. ಅಲ್ಲಿ ಒಬ್ಬಾಕೆಗೆ ನನ್ನ ಮಗಳ ವಯಸ್ಸಿನದೇ ಗಂಡುಮಗು. ದಿನಾ ಹಳೇ ಸೀರೆಯ ತುಂಡು, ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುವ ದಿನ ಮಾತ್ರ ಕಿರಾಣಿ ಅಂಗಡಿಯಿಂದ ಒಂದು ಬಿಡಿ ಡೈಪರ್. ಅದಕ್ಕೆ ಆಕೆ ಕೊಡುತ್ತಿದ್ದದ್ದು 15 ರೂಪಾಯಿ. ಅದೇ ಸೈಜು ನನಗೆ ದೊಡ್ಡ ಪ್ಯಾಕಿನಲ್ಲಿ 10, 11ಕ್ಕೆ ಬೀಳುತ್ತಿತ್ತು. ಒಟ್ಟಿಗೆ ಸಾವಿರ ಹಾಕಲು ಆಗದವರು ಒಂದೊಂದಕ್ಕೂ ಜಾಸ್ತಿ ಕೊಡುತ್ತಾರೆ. ಬಟ್ಟೆ ಡೈಪರ್ ಆಕೆಗೇ ಎಲ್ಲರಿಗಿಂತ ಲಾಭ, ಆದರೆ 550 ರೂಪಾಯಿಯ ಕವರನ್ನು ಆಕೆ ಎಲ್ಲಿಂದ ಕೊಳ್ಳಬೇಕು? ನನ್ನ ನಾಲ್ಕು ಅಗ್ಗದ ಕವರು, ಜೊತೆಗೆ ಒಂದಿಷ್ಟು ಲಂಗೋಟಿ ಕೊಟ್ಟೆ. ಗುಂಡಿ ಹಾಕುವುದನ್ನು ತೋರಿಸುವ ಮೊದಲೇ ಆಕೆ ಮಗುವಿಗೆ ಹಾಕಿ ಮುಗಿಸಿದ್ದಳು. ಇನ್ಸರ್ಟ್ ಬದಲಿಗೆ ಹಳೇ ಸೀರೆಯನ್ನೇ ಆರು ಮಡಿಕೆ ಮಾಡಿ ತುರುಕಿದ್ದಳು. ನಾನೂ ಮನೆಗೆ ಬಂದು ಮಾಡಿ ನೋಡಿದೆ, ಹಗಲಿಗೆ ಚೆನ್ನಾಗಿಯೇ ನಡೆಯುತ್ತದೆ, ಬಿಡಿಸಿ ಹಾಕಿದರೆ ಮಳೆಗಾಲದಲ್ಲೂ ಒಂದು ರಾತ್ರಿಗೆ ಒಣಗುತ್ತದೆ. 120 ರೂಪಾಯಿಯ ಇನ್ಸರ್ಟ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ.

ಉಳಿದ ಹನ್ನೆರಡು ಕವರು ಬೆಳಗಾವಿಯ ನಾದಿನಿಗೆ ಹೋಗಿವೆ, ಅವಳಿಗೆ ಈಗ ಐದು ತಿಂಗಳ ಮಗ. ಮೂರಕ್ಕೆ ತೊಡೆಯ ಎಲಾಸ್ಟಿಕ್ ಸಡಿಲವಾಗಿತ್ತು, ಇಲ್ಲೇ ದರ್ಜಿ ಹತ್ತಿರ ಒಂದಕ್ಕೆ 30 ರೂಪಾಯಿ ಕೊಟ್ಟು ಹೊಸದು ಹಾಕಿಸಿ ಕಳಿಸಿದೆ. ಅವಳ ಮನೆಯಲ್ಲಿ ಕೊಳ್ಳುವ ಖರ್ಚು ಅಷ್ಟೇ, 90 ರೂಪಾಯಿ. ಜುಲೈಗೆ ಇನ್ಸರ್ಟ್ ಸಾಲದಿದ್ದರೆ ಅತ್ತೆಯ ನೂಲಿನ ಸೀರೆ ತೆಗೆದಿಟ್ಟುಕೋ ಅಂತ ಹೇಳಿದ್ದೇನೆ.